ಮುಹೂರ್ತ ಮೀರದ ದೋಣಿ

ಅಲೆಕ್ಸ್ ಕರೋಜೊ ಎಂಬ ಇಟಲಿಯ ನಾವಿಕನ ಹೆಸರು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಇಷ್ಟೊತ್ತಿಗೆ ಎಷ್ಟೋ ಕಚೇರಿಗಳ ಗೋಡೆಯ ಮೇಲೆ ಅವನ ಫೋಟೊ ಇರುತ್ತಿತ್ತು, ಫೋಟೊಗೆ ಗಂಧದ ಹಾರವೂ ಇರುತ್ತಿತ್ತು. 1968ರಲ್ಲಿ ಲಂಡನ್ನಿನ ಸಂಡೇ ಟೈಮ್ಸ್ ಪತ್ರಿಕೆ ಒಂದು ಪಂದ್ಯ ಸಾರಿತು: ಒಬ್ಬನೇ, ಎಲ್ಲೂ ದಡ ಹತ್ತದೆ, ಯಾರ ಕೈಯಿಂದಲೂ ಏನನ್ನೂ ಪಡೆಯದೆ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬರಬೇಕು. ಮೊದಲು ಬಂದವನಿಗೆ ಗೋಲ್ಡನ್ ಗ್ಲೋಬ್ ಪಾರಿತೋಷಕ, ಎಲ್ಲರಿಗಿಂತ ಕಡಿಮೆ ದಿನಗಳಲ್ಲಿ ಸುತ್ತಿದವನಿಗೆ 5,000 ಪೌಂಡ್. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವತ್ತು ಬೇಕಾದರೂ ಹೊರಡಬಹುದು. ಅಕ್ಟೋಬರ್ 31 ಬಂತು, ಕರೋಜೊನ ದೋಣಿ ಸಿದ್ಧವಿರಲಿಲ್ಲ. ಬೇರೆಯವರಾಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈತ ಇಂಗ್ಲೆಂಡಿನ ಕೌಸ್ ಬಂದರಿನಲ್ಲಿ ವಿಧ್ಯುಕ್ತವಾಗಿ ಹೊರಟ. ಹೊರಟು, ಅಲ್ಲೇ ಪಕ್ಕದಲ್ಲಿ ದೋಣಿ ಕಟ್ಟಿಹಾಕಿ, ಒಂದು ವಾರ ಕೂತು ಬಾಕಿ ಕೆಲಸ ಮಾಡಿಕೊಂಡ.

ನಿಯಮದ ಪ್ರಕಾರ ಆ ವಾರವಿಡೀ ಅವನು ಭೂಪ್ರದಕ್ಷಿಣೆಯಲ್ಲಿದ್ದ. ದಡದಲ್ಲಿ ನಿಂತವರಿಗೆ ಬೇಕಾದರೆ ಅವನು ಸುತ್ತಿಗೆ ಬಡಿಯುವ ಸದ್ದೂ ಕೇಳಿಸುತ್ತಿತ್ತೇನೋ, ಅದು ಬೇರೆ ಮಾತು.

ಗೃಹಪ್ರವೇಶದ ಊಟ ಉಂಡು ಬಂದವರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಕಾಣದು. ಮುಹೂರ್ತ ಬೆಳಗಿನ ಜಾವ ನಾಲ್ಕೂವರೆಗೆ. ಹಾಲು ಉಕ್ಕುತ್ತದೆ, ಹಸು ಬಂದು ಹೋಗುತ್ತದೆ, ಹೋಮದ ಹೊಗೆಯಲ್ಲಿ ಗಿಲಾವು ಆಗದ ಗೋಡೆ ಕಣ್ಣಿಗೆ ಬೀಳುವುದಿಲ್ಲ. ನಲ್ಲಿ ತಿರುಗಿಸಿದರೆ ಮಾತ್ರ ಗಾಳಿ ಬರುತ್ತದೆ. ಪರವಾಗಿಲ್ಲ, ಪುರೋಹಿತರು ನಲ್ಲಿಗೆ ಮುಹೂರ್ತ ಇಟ್ಟಿಲ್ಲವಲ್ಲ. ನೆಂಟರು ಹೋಳಿಗೆ ಉಂಡು ಹೊರಡುತ್ತಾರೆ, ಪ್ಲಂಬರ್ ಮುಂದಿನ ವಾರ ಬರುತ್ತಾನೆ. ಆದರೆ ಸಮುದ್ರದ ಮೇಲೆ ಮುಂದಿನ ವಾರದ ಪ್ಲಂಬರ್ ಯಾರೆಂದರೆ ಹೋಳಿಗೆ ಉಂಡ ಯಜಮಾನನೇ. ಕರೋಜೊಗೆ ಆ ಯೋಗವೂ ಹೆಚ್ಚು ದಿನ ಬರಲಿಲ್ಲ. ಹೊಟ್ಟೆಯ ಹುಣ್ಣು ಕೆರಳಿ, ರಕ್ತ ಕಾರಿ, ಪೋರ್ಚುಗಲ್ಲಿನಲ್ಲಿ ದಡ ಸೇರಿದ. ತಾರೀಖನ್ನಂತೂ ಅವನು ಗೆದ್ದಿದ್ದ.

ಈ ಅಕ್ಟೋಬರ್ 31 ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ಅದು ಸಂಪಾದಕರ ಹುಟ್ಟುಹಬ್ಬವಲ್ಲ, ಹಣಕಾಸು ವರ್ಷದ ಕೊನೆಯೂ ಅಲ್ಲ. ಇಂಗ್ಲೆಂಡಿನಿಂದ ಹೊರಟ ದೋಣಿ ಆಫ್ರಿಕಾದ ತುದಿ ದಾಟಿ, ಆಸ್ಟ್ರೇಲಿಯಾದ ಕೆಳಗೆ ಹಾದು, ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿ ಮೇಲೆ ಬರಬೇಕು. ನಡುವೆ ಇರುವುದು ದಕ್ಷಿಣ ಮಹಾಸಾಗರ. ಅಲ್ಲಿ ಗಾಳಿಗೆ ಅಡ್ಡ ಬರುವ ನೆಲ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅಲೆಗಳು ಭೂಮಿ ಸುತ್ತ ಓಡುತ್ತಾ ಬೆಟ್ಟದಷ್ಟು ಬೆಳೆಯುತ್ತವೆ. ಅಲ್ಲಿನ ಬೇಸಿಗೆಯಲ್ಲೇ ಅದು ಸಾಕುಬೇಕು ಮಾಡುತ್ತದೆ, ಚಳಿಗಾಲದ ಮಾತು ಕೇಳುವುದೇ ಬೇಡ. ಅಕ್ಟೋಬರ್ ದಾಟಿ ಹೊರಟವನು ಕೇಪ್ ಹಾರ್ನ್ ಮುಟ್ಟುವ ಹೊತ್ತಿಗೆ ಆ ಚಳಿಗಾಲ ಬಾಗಿಲಿಗೆ ಬಂದಿರುತ್ತದೆ. ಅಂದರೆ ಪತ್ರಿಕೆಯವರು ಹೇಳಿದ್ದು ಇಷ್ಟೇ: ಇದರ ಮೇಲೆ ಹೊರಡಬೇಡಿ, ಜೀವಕ್ಕೆ ಅಪಾಯ. ಅದು ಪ್ರಾಯೋಜಕರ, ಪ್ರಚಾರದವರ, ಬ್ಯಾಂಕಿನವರ ಕಿವಿಗಳನ್ನು ಹಾದು ದೋಣಿಯವನ ಕಿವಿಗೆ ಬೀಳುವಷ್ಟರಲ್ಲಿ ಇದರೊಳಗೆ ಹೊರಡಲೇಬೇಕು ಎಂದಾಗಿತ್ತು. ಬೇಡ ಎಂದು ಹೇಳಲು ಹಾಕಿದ ಗೆರೆ, ಹೋಗು ಎಂದು ಬೆನ್ನಿಗೆ ಗುದ್ದುವ ಕೈಯಾಯಿತು.

ಈ ಗುದ್ದು ತಿಂದವರಲ್ಲಿ ಎಲ್ಲರಿಗಿಂತ ಹೆಸರಾದವನು ಡೊನಾಲ್ಡ್ ಕ್ರೋಹರ್ಸ್ಟ್. ಎಲೆಕ್ಟ್ರಾನಿಕ್ಸ್ ಉಪಕರಣ ಮಾಡುವ ಸಣ್ಣ ಕಂಪನಿಯೊಂದರ ಯಜಮಾನ. ದೋಣಿಗಳಿಗೆ ದಿಕ್ಕು ಹುಡುಕಿಕೊಡುವ ನ್ಯಾವಿಕೇಟರ್ ಎಂಬ ಪುಟ್ಟ ರೇಡಿಯೊ ಯಂತ್ರ ಅವನದೇ ಕೂಸು. ಕಂಪನಿ ಮುಗ್ಗರಿಸುತ್ತಿತ್ತು. ಭೂಮಿ ಸುತ್ತಿ ಬಂದರೆ ಹೆಸರು, ಹೆಸರಿನ ಹಿಂದೆ ವ್ಯಾಪಾರ ಎಂಬ ಲೆಕ್ಕ. ಹಣ ಹಾಕಿದ್ದು ಕ್ಯಾರವಾನ್ ಮಾರುವ ಸ್ಟಾನ್ಲಿ ಬೆಸ್ಟ್. ಈ ಮನುಷ್ಯ ವ್ಯಾಪಾರಿ, ಕವಿಯಲ್ಲ. ಪಂದ್ಯ ಕೈಕೊಟ್ಟರೆ ದೋಣಿಯನ್ನು ಕ್ರೋಹರ್ಸ್ಟನೇ ಕೊಂಡುಕೊಳ್ಳಬೇಕು ಎಂದು ಕರಾರು ಬರೆಸಿಕೊಂಡ. ಹೋಗದಿದ್ದರೆ ಮನೆ ಹೋಗುತ್ತದೆ, ಹೋದರೆ ತಾನು ಹೋಗುತ್ತಾನೆ. ಇಂಥ ಕರಾರಿಗೆ ಇಂಗ್ಲಿಷಿನಲ್ಲಿ ಪ್ರಾಯೋಜಕತ್ವ ಎನ್ನುತ್ತಾರೆ.

ಪ್ರಚಾರಕ್ಕೆ ನಿಂತವನು ರಾಡ್ನಿ ಹಾಲ್‌ವರ್ತ್, ಹಳೆಯ ಅಪರಾಧ ವರದಿಗಾರ. ಟೀನ್‌ಮತ್ ಎಂಬ ಕಡಲತೀರದ ಊರಿನ ಪ್ರಚಾರವೂ ಅವನ ಕೈಯಲ್ಲೇ ಇತ್ತು. ಎರಡು ಗಿರಾಕಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ: ಅಲ್ಲಿಂದಲೇ ಹೊರಡು, ದೋಣಿಗೆ ಊರಿನ ಹೆಸರಿಡು. ಹೀಗೆ ಟೀನ್‌ಮತ್ ಎಲೆಕ್ಟ್ರಾನ್ ಎಂದು ನಾಮಕರಣವಾಯಿತು. ದೋಣಿಯ ಅರ್ಧ ಹೆಸರು ಊರಿಗೆ, ಅರ್ಧ ಕಂಪನಿಗೆ. ಸಮುದ್ರದ ಪಾಲಿಗೆ ಏನೂ ಉಳಿಯಲಿಲ್ಲ.

ದೋಣಿ 41 ಅಡಿ ಉದ್ದದ, ಮೂರು ಒಡಲಿನ ಟ್ರೈಮರಾನ್. ಇಂಥವು ವೇಗವಾಗಿ ಓಡುತ್ತವೆ, ಆದರೆ ಒಮ್ಮೆ ಬೋರಲಾದರೆ ತಾವಾಗಿ ಏಳುವುದಿಲ್ಲ. ಕ್ರೋಹರ್ಸ್ಟ್ ಇದಕ್ಕೆ ಉಪಾಯ ಕಂಡುಹಿಡಿದಿದ್ದ. ಹಾಯಿಕಂಬದ ತುದಿಯಲ್ಲಿ ಒಂದು ರಬ್ಬರ್ ಚೀಲ. ದೋಣಿ ವಾಲಿದ್ದು ಕಂಪ್ಯೂಟರಿಗೆ ತಿಳಿದ ಕೂಡಲೇ ಚೀಲಕ್ಕೆ ಅನಿಲ ತುಂಬಿ, ಕಂಬ ಮುಳುಗದೆ ತೇಲುತ್ತದೆ. 1968ಕ್ಕೆ ಈ ಯೋಚನೆ ಸಣ್ಣದಲ್ಲ. ಕಾಗದದ ಮೇಲೆ ನೋಡಿದವರು ತಲೆದೂಗಿದರು. ಆದರೆ ದೋಣಿ ಕಟ್ಟುವ ಯಾರ್ಡಿಗೆ ಕಾಗದ ತಲುಪಿದ್ದೇ ತಡವಾಗಿ. ಕೆಲಸ ಎಳೆಯುತ್ತಾ ಹೋಯಿತು. ಪ್ಲೈವುಡ್ ಡೆಕ್ಕಿನ ಮೇಲೆ ಫೈಬರ್‌ಗ್ಲಾಸ್ ಹೊದಿಸಬೇಕಿತ್ತು; ಹೊದಿಸಿದರೆ ದಿನ ಮೀರುತ್ತದೆ, ಆದ್ದರಿಂದ ಬಣ್ಣ ಬಳಿದರೆ ಸಾಕು ಎಂದಾಯಿತು. ರಾಳ ಗಟ್ಟಿಯಾಗಲು ತನ್ನದೇ ಹೊತ್ತು ತೆಗೆದುಕೊಳ್ಳುತ್ತದೆ, ಅದಕ್ಕೆ ಪತ್ರಿಕೆ ಓದಲು ಬರುವುದಿಲ್ಲ. ಬಣ್ಣ ಪಾಪ, ಹೇಳಿದ ಮಾತು ಕೇಳುತ್ತದೆ.

ಸೆಪ್ಟೆಂಬರ್ 23ಕ್ಕೆ ದೋಣಿ ನೀರಿಗಿಳಿಯಿತು. ಹೆಂಡತಿ ಕ್ಲೇರ್ ಬೀಸಿದ ಶಾಂಪೇನ್ ಬಾಟಲಿ ಒಡೆಯಲಿಲ್ಲ. ನಾರ್ಫಕ್‌ನಿಂದ ಟೀನ್‌ಮತ್ತಿಗೆ ಮೂರು ದಿನದ ದಾರಿ ಎಂದುಕೊಂಡಿದ್ದರು, ಹಿಡಿದದ್ದು 13 ದಿನ. ಎದುರುಗಾಳಿ ಬಂದರೆ ಈ ದೋಣಿ ಮುಂದಕ್ಕೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಹೆಚ್ಚು ಎಂಬ ಸತ್ಯ ಆ 13 ದಿನಗಳಲ್ಲಿ ಗೊತ್ತಾಯಿತು. ಗೊತ್ತಾದದ್ದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ಟೀನ್‌ಮತ್ ತಲುಪಿದಾಗ ಅಕ್ಟೋಬರ್ 15. ಉಳಿದದ್ದು ಎರಡು ವಾರ ಚಿಲ್ಲರೆ ದಿನ.

ದೋಣಿ ದುರಸ್ತಿ ಹತ್ತಿರದಿಂದ ನೋಡದವರಿಗೆ ಎರಡು ವಾರ ಧಾರಾಳ ಅನ್ನಿಸಬಹುದು. ನೋಡಿದವರಿಗೆ ಗೊತ್ತು, ಅದರ ಗಡಿಯಾರವೇ ಬೇರೆ. ತುಕ್ಕು ಹಿಡಿದ ಒಂದು ಬೋಲ್ಟ್ ಬದಲಿಸಬೇಕೆಂದು ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕೂರುತ್ತೀರಿ. ಬೋಲ್ಟಿನ ತಲೆ ಕಿತ್ತು ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ. ಅದನ್ನು ಕೊರೆದು ತೆಗೆಯಲು ಮೇಲಿನ ಹಲಗೆ ಬಿಚ್ಚಬೇಕು. ಹಲಗೆ ಬಿಚ್ಚಿದರೆ ಕೆಳಗೆ ಮರ ಕೊಳೆತು ಬೆರಳು ಒತ್ತಿದಲ್ಲಿ ಒಳಕ್ಕೆ ಹೋಗುತ್ತದೆ. ಕೊಳೆತ ಮರ ಕೆತ್ತುತ್ತಾ ಹೋದರೆ ನೀರು ಒಳಬಂದ ದಾರಿ ಎಲ್ಲೋ ಮೂರು ಅಡಿ ಆಚೆ, ಹೋದ ಸಲ 'ಪಕ್ಕಾ' ಆಗಿದೆ ಎಂದು ಬಿಲ್ಲು ಕೊಟ್ಟ ಜಾಗದಲ್ಲಿ ಸಿಗುತ್ತದೆ. ಸಂಜೆ ಪಟ್ಟಿ ನೋಡಿದರೆ, ಬೆಳಿಗ್ಗೆ ಒಂದು ಬೋಲ್ಟ್ ಇದ್ದ ಕಡೆ ಏಳು ಕೆಲಸ ಸೇರಿವೆ, ಬೋಲ್ಟ್ ಅಲ್ಲೇ ಇದೆ. ಬಡಗಿ ಬಣ್ಣದವನಿಗೆ ಕಾಯುತ್ತಾನೆ, ಬಣ್ಣದವನು ಬಿಸಿಲಿಗೆ ಕಾಯುತ್ತಾನೆ, ಎಲೆಕ್ಟ್ರಿಷಿಯನ್ ಯಾರಿಗೆ ಕಾಯುತ್ತಾನೆಂದು ಯಾರಿಗೂ ತಿಳಿಯದು. ನಾಳೆ ಬರ್ತೀನಿ ಸಾರ್ ಎಂಬ ವಾಕ್ಯ ಜಗತ್ತಿನ ಎಲ್ಲ ಬಂದರುಗಳಲ್ಲೂ ಆಯಾ ಭಾಷೆಯಲ್ಲಿ ಸಿಗುತ್ತದೆ.

ಟೀನ್‌ಮತ್ತಿನಲ್ಲಿ ಇಷ್ಟರ ಮೇಲೆ ಬಿಬಿಸಿಯ ಕ್ಯಾಮೆರಾ ಬೇರೆ. ವೀರನ ನಿರ್ಗಮನ ಚಿತ್ರೀಕರಿಸಲು ಬಂದಿದ್ದವರು, ಅಲ್ಲಿನ ಗೊಂದಲ ನೋಡಿ, ಇದು ವೀರಗಾಥೆ ಆಗುವ ಹಾಗೆ ಕಾಣುವುದಿಲ್ಲ ಎಂದು ತಮ್ಮ ಕಥೆಯ ದಿಕ್ಕನ್ನೇ ಬದಲಿಸಿಕೊಂಡರು. ಕ್ಯಾಮೆರಾ ಹಿಡಿದವರಿಗೆ ಕಂಡದ್ದು ಪತ್ರಿಕೆಗೆ ಕಾಣಲಿಲ್ಲ, ಹಣ ಹಾಕಿದವನಿಗೆ ಕಾಣಲಿಲ್ಲ, ಪ್ರಚಾರದವನಿಗಂತೂ ಕಾಣುವ ಪ್ರಶ್ನೆಯೇ ಇರಲಿಲ್ಲ. ಕ್ರೋಹರ್ಸ್ಟನಿಗೆ ಕಂಡಿತ್ತು. ಹೊರಡುವ ಹಿಂದಿನ ರಾತ್ರಿ ಅವನು ಹೋಟೆಲ್ ಕೋಣೆಯಲ್ಲಿ ಅತ್ತ ಎಂದು ಹೆಂಡತಿ ಆಮೇಲೆ ಹೇಳಿದಳು. ಆ ಊರಿನಲ್ಲಿ ಅವತ್ತು ದೋಣಿಯ ಸ್ಥಿತಿಯ ಬಗ್ಗೆ ಸರಿಯಾದ ವರದಿ ಕೊಟ್ಟದ್ದು ಆ ಅಳು ಒಂದೇ.

ಅಕ್ಟೋಬರ್ 31ರ ಮಧ್ಯಾಹ್ನ ಮೂರರ ಹೊತ್ತಿಗೆ ಹೊರಟ. ಹಾಯಿ ಏರಿಸಲು ಹೋದರೆ ಏರುತ್ತಿಲ್ಲ. ಜೀವ ಉಳಿಸಬೇಕಾದ ಆ ರಬ್ಬರ್ ಚೀಲವನ್ನು ಅವಸರದಲ್ಲಿ ಕಂಬಕ್ಕೆ ಬಿಗಿದಾಗ ಹಾಯಿಯ ಹಗ್ಗಗಳೂ ಸೇರಿ ಸಿಕ್ಕಿಕೊಂಡಿದ್ದವು. ದೋಣಿಯನ್ನು ಮತ್ತೆ ದಡಕ್ಕೆ ಎಳೆದು ತಂದು, ಕಂಬ ಹತ್ತಿ ಬಿಡಿಸಿ, ಎರಡನೆಯ ಸಲ ಕಳಿಸಿಕೊಟ್ಟರು. ಹೊತ್ತು ಐದಾಗುತ್ತಿತ್ತು. ದಿನ ಮುಗಿಯಲು ಇನ್ನೂ ಏಳು ಗಂಟೆ ಇತ್ತಲ್ಲ, ಎಲ್ಲರಿಗೂ ಸಮಾಧಾನ. ದಡದ ಮೇಲೆ ಬಿಡಿಭಾಗಗಳ, ದುರಸ್ತಿ ಸಾಮಾನುಗಳ ರಾಶಿ ಉಳಿದುಹೋಗಿತ್ತು. ದೋಣಿಯ ಒಡಲಿನಿಂದ ನೀರೆತ್ತಲು ಬೇಕಾದ ಪೈಪೂ ದೋಣಿ ಹತ್ತಿರಲಿಲ್ಲ. ಕಂಪ್ಯೂಟರ್? ಬಣ್ಣಬಣ್ಣದ ವೈರುಗಳು ಒಪ್ಪವಾಗಿ ಕಟ್ಟಿಕೊಂಡು ಕೋಣೆಯ ಸೀಟಿನ ಕೆಳಗೆ ಬರುತ್ತಿದ್ದವು. ಅಲ್ಲಿ ಅವುಗಳನ್ನು ಜೋಡಿಸಲು ಏನೂ ಇರಲಿಲ್ಲ. ಖಾಲಿ ಜಾಗ. ವೈರಿಂಗ್ ಮಾತ್ರ ಶೇಕಡ ನೂರರಷ್ಟು ಪೂರ್ಣ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಇಟ್ಟಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ಅದರಲ್ಲಿ ನಗುವಂಥದ್ದಿಲ್ಲ. ಹೊರಟ ಕೆಲವೇ ದಿನಗಳಲ್ಲಿ, ಗಾಳಿ ನೋಡಿ ತಾನಾಗಿ ಚುಕ್ಕಾಣಿ ತಿರುಗಿಸುವ ಯಂತ್ರದ ಸ್ಕ್ರೂಗಳು ಒಂದೊಂದಾಗಿ ಉದುರತೊಡಗಿದವು. ಬಿಡಿ ಸ್ಕ್ರೂ ದಡದಲ್ಲಿತ್ತು. ಅದೇ ಯಂತ್ರದ ಇನ್ನೊಂದು ಕಡೆಯಿಂದ ಕಿತ್ತು ಇಲ್ಲಿಗೆ ಹಾಕಿದ. ಮುಚ್ಚಳ ಸೋರಿ ಜನರೇಟರಿಗೆ ನೀರು ನುಗ್ಗಿತು. ದಕ್ಷಿಣ ಮಹಾಸಾಗರಕ್ಕೆ ಈ ದೋಣಿಯಲ್ಲಿ ಹೋದರೆ ಸಾವು, ಹಿಂದಿರುಗಿದರೆ ದಿವಾಳಿ. ಆತ ಎರಡನ್ನೂ ಬಿಟ್ಟು, ಅಟ್ಲಾಂಟಿಕ್ಕಿನಲ್ಲೇ ಸುತ್ತಾಡುತ್ತಾ ಸುಳ್ಳು ಸ್ಥಾನ ತಂತಿ ಮೂಲಕ ಕಳಿಸತೊಡಗಿದ. ಡಿಸೆಂಬರಿನಲ್ಲಿ ಒಂದೇ ದಿನ 243 ಮೈಲಿ ಓಡಿದೆ ಎಂದು ತಂತಿ ಬಂದಾಗ ಪತ್ರಿಕೆಗಳು ದಾಖಲೆ ಎಂದು ಕುಣಿದವು. ಬಂದ ತಂತಿಗೆ ಹಾಲ್‌ವರ್ತ್ ತನ್ನ ಒಗ್ಗರಣೆಯನ್ನೂ ಹಾಕಿ ಬಡಿಸುತ್ತಿದ್ದ. 1969ರ ಮಾರ್ಚಿನಲ್ಲಿ ಕ್ರೋಹರ್ಸ್ಟ್ ಕದ್ದು ಅರ್ಜೆಂಟೀನಾದ ಒಂದು ಸಣ್ಣ ಹಳ್ಳಿಯ ದಡ ಸೇರಿದ. ಒಡೆದ ಒಡಲಿಗೆ ತೇಪೆ ಹಾಕಲು ಪ್ಲೈವುಡ್ ಮತ್ತು ಸ್ಕ್ರೂ ಬೇಕಿತ್ತು. ಟೀನ್‌ಮತ್ತಿನ ದಡದಲ್ಲಿ ಬಿಟ್ಟುಬಂದ ದುರಸ್ತಿ ಸಾಮಾನಿಗಾಗಿ ಅಟ್ಲಾಂಟಿಕ್ಕಿನ ಇನ್ನೊಂದು ದಡ ಹತ್ತಬೇಕಾಯಿತು, ಪಂದ್ಯದ ನಿಯಮ ಮುರಿಯಬೇಕಾಯಿತು. ಕ್ರೋಹರ್ಸ್ಟ್ ಹಿಂದೆಯೇ ಇದ್ದಾನೆ ಎಂದು ನಂಬಿದ ಇನ್ನೊಬ್ಬ ಸ್ಪರ್ಧಿ ನೈಜೆಲ್ ಟೆಟ್ಲಿ ತನ್ನ ದಣಿದ ದೋಣಿಯನ್ನು ಮಿತಿಮೀರಿ ಓಡಿಸಿ, ಮೇ 21ರಂದು ಅಜೋರ್ಸ್ ದ್ವೀಪಗಳ ಹತ್ತಿರ ಅದನ್ನು ಕಳೆದುಕೊಂಡ, ಅವನೇನೋ ಬದುಕಿದ. ಜುಲೈ 10ರಂದು ಟೀನ್‌ಮತ್ ಎಲೆಕ್ಟ್ರಾನ್ ನಡುನೀರಿನಲ್ಲಿ ಸಿಕ್ಕಿತು. ಒಳಗೆ ಯಾರೂ ಇರಲಿಲ್ಲ.

ಅದರಲ್ಲಿದ್ದ ದಿನಚರಿಗಳನ್ನು ಹಣ ಕೊಟ್ಟು ಕೊಂಡದ್ದೂ ಸಂಡೇ ಟೈಮ್ಸ್ ಪತ್ರಿಕೆಯೇ. ತಾರೀಖು ಅವರದು, ಪಂದ್ಯ ಅವರದು, ತನಿಖೆಯೂ ಅವರದೇ. ಓದುಗರಿಗೆ ಪೂರ್ತಿ ಸೆಟ್ ಸಿಕ್ಕಿತು.

ಈ ಪಂದ್ಯಕ್ಕೆ ಅರ್ಜಿ ಹಾಕಬೇಕಿರಲಿಲ್ಲ, ದೋಣಿ ನಡೆಸಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ ಎಂಬುದನ್ನೂ ಹೇಳಬೇಕು. ಬೇರೆ ಪತ್ರಿಕೆಯ ಬೆಂಬಲದಲ್ಲಿ ಹೊರಡಲಿದ್ದವರನ್ನೂ ತಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳುವ ಜಾಣತನ ಅದು. ಆ ದಿನಗಳ ನಡುವೆ ಯಾರು ಹೊರಟರೂ ಪಂದ್ಯದಲ್ಲಿದ್ದಂತೆಯೇ. ಚೇ ಬ್ಲೈತ್ ಎಂಬ ಮಾಜಿ ಸೈನಿಕ ಜೂನ್ 8ರಂದು ಹೊರಟಾಗ ಅವನಿಗೆ ಹಾಯಿದೋಣಿ ನಡೆಸಲು ಬರುತ್ತಿರಲಿಲ್ಲ. ಸ್ನೇಹಿತರು ಮುಂದೆ ಇನ್ನೊಂದು ದೋಣಿಯಲ್ಲಿ ಹೋಗುತ್ತಾ ಹೀಗೆ ಮಾಡು, ಹಾಗೆ ಮಾಡು ಎಂದು ತೋರಿಸಿದರು. ಇವನು ಹಿಂದಿನಿಂದ ನೋಡಿ ನಕಲು ಮಾಡುತ್ತಾ ಬಂದರು ದಾಟಿದ. ಭೂಮಿ ಸುತ್ತಲಾಗಲಿಲ್ಲವಾದರೂ ಆಫ್ರಿಕಾದ ತುದಿ ದಾಟುವವರೆಗೂ ಹೋದ. ನಕಲು ಮಾಡಿ ಪಾಸಾದವರ ಪೈಕಿ ಇದಕ್ಕಿಂತ ದೂರ ಹೋದವರನ್ನು ನಾನು ಕಾಣೆ. ಬರೀ ಎರಡು ವರ್ಷದಲ್ಲಿ ಅದೇ ಮನುಷ್ಯ ಗಾಳಿಗೆ ಎದುರಾಗಿ ಭೂಮಿ ಸುತ್ತಲು ಹೊರಟ, ಸುತ್ತಿಯೂ ಬಂದ.

ಫ್ರಾನ್ಸಿನ ಬರ್ನಾರ್ ಮ್ವಾತೆಸಿಯೆ ಮಾಡಿದ ಸಿದ್ಧತೆಯೇ ಬೇರೆ ಜಾತಿಯದು. ಉಳಿದವರು ದೋಣಿಗೆ ಏನೇನು ಹತ್ತಿಸಬೇಕೆಂದು ಪಟ್ಟಿ ಬರೆಯುತ್ತಿದ್ದರೆ ಇವನು ಇಳಿಸುವ ಪಟ್ಟಿ ಬರೆದ. ಎಂಜಿನ್ ಇಳಿಸಿದ, ಪುಟ್ಟ ದೋಣಿ ಇಳಿಸಿದ, ಸರಪಳಿ ಇಳಿಸಿದ, ಪುಸ್ತಕ ತುಂಬಿದ ಪೆಟ್ಟಿಗೆಗಳನ್ನೂ ಇಳಿಸಿದ. ಆಗಸ್ಟ್ 22ರಂದು ಹೊರಟು, ಗೆಲ್ಲುವ ಹಾಗಿದ್ದಾಗ ಪಂದ್ಯವನ್ನೇ ಇಳಿಸಿ, ಇಂಗ್ಲೆಂಡಿನ ಕಡೆ ತಿರುಗದೆ ತಾಹಿಟಿಗೆ ಹೋಗಿಬಿಟ್ಟ. ಸುದ್ದಿಯನ್ನು ಹಾದುಹೋಗುವ ಹಡಗಿಗೆ ಕವಣೆಯಲ್ಲಿ ಹೊಡೆದು ತಲುಪಿಸಿದ. ಪ್ರಚಾರ ವಿಭಾಗ ಇಲ್ಲದವನ ಪತ್ರಿಕಾ ಪ್ರಕಟಣೆ ಹೀಗಿರುತ್ತದೆ.

ಕೊನೆಗೆ ಒಂಬತ್ತು ಜನ ಹೊರಟು ಒಬ್ಬನೇ ಪಂದ್ಯ ಮುಗಿಸಿ ತಿರುಗಿ ಬಂದ: ರಾಬಿನ್ ನಾಕ್ಸ್-ಜಾನ್ಸ್ಟನ್. ಅವನ 32 ಅಡಿಯ ಸುಹೈಲಿ ನಮ್ಮ ಮುಂಬಯಿಯಲ್ಲಿ, ತೇಗದ ಮರದಲ್ಲಿ, ನಮ್ಮ ಬಡಗಿಗಳ ಬಾಚಿ ಉಳಿಗಳಲ್ಲಿ ಕೆತ್ತಿದ ದೋಣಿ. ತರಿಸಬೇಕೆಂದಿದ್ದ ನಕ್ಷೆಯ ಬದಲು ಹಳೆಯ ಕಾಲದ ಇನ್ನೊಂದು ನಕ್ಷೆ ಬಂದಿತ್ತು, ಅದರ ಮೇಲೆಯೇ ಕಟ್ಟಿದರು. 1964ರ ಡಿಸೆಂಬರಿನಲ್ಲಿ ಅದನ್ನು ನೀರಿಗಿಳಿಸಿದಾಗ ಮೂತಿಗೆ ತೆಂಗಿನಕಾಯಿ ಒಡೆದರು. ಕಾಯಿ ಒಡೆಯಿತು, ದೋಣಿ ಮರಳಿತು. ಶಾಂಪೇನ್ ಒಡೆಯಲಿಲ್ಲ, ದೋಣಿಯವನು ಮರಳಲಿಲ್ಲ. ನಮ್ಮ ಟಿವಿ ಜ್ಯೋತಿಷಿಗಳಿಗೆ ಈ ಮಾಹಿತಿಯನ್ನು ಪುಕ್ಕಟೆಯಾಗಿ ಕೊಡುತ್ತಿದ್ದೇನೆ, ಅರ್ಧ ಗಂಟೆಯ ಕಾರ್ಯಕ್ರಮಕ್ಕೆ ಸಾಕು.

ಆದರೆ ಸುಹೈಲಿಯೂ ಸೋರುತ್ತಿತ್ತು. ಜೂನ್ 14ರಂದು ಹೊರಟು ಕೇಪ್ ವರ್ಡ್ ದ್ವೀಪಗಳನ್ನು ದಾಟುವಷ್ಟರಲ್ಲಿ ದಿನಕ್ಕೆ ಹಲವು ಸಲ ಪಂಪ್ ಹೊಡೆಯಬೇಕಾದಷ್ಟು ನೀರು. ಗಾಳಿ ನಿಂತ ಒಂದು ದಿನ ನೀರಿಗೆ ಧುಮುಕಿ ನೋಡಿದರೆ, ತಳದ ಹಲಗೆಗಳ ಸಂದಿ ಎರಡೂ ಪಕ್ಕದಲ್ಲಿ ಉದ್ದಕ್ಕೆ ಬಾಯಿಬಿಟ್ಟಿದೆ. ದಡದಲ್ಲಾದರೆ ದೋಣಿ ಮೇಲೆತ್ತಿ, ಒಣಗಿಸಿ, ಸಂದಿಗೆ ಹತ್ತಿ ಜಡಿದು ಮೆತ್ತುವ ಕೆಲಸ. ಇಲ್ಲಿ ಉಸಿರು ಹಿಡಿದಷ್ಟು ಹೊತ್ತು ಕೆಲಸ, ಉಸಿರು ಮುಗಿದರೆ ಮೇಲೆ. ಜಡಿದ ಹತ್ತಿ ಮತ್ತೆ ಇಳಿಯುವಷ್ಟರಲ್ಲಿ ಹೊರಗೆ ಬಂದು ತೇಲುತ್ತಿತ್ತು. ಮೇಲೆ ಹತ್ತಿ ಕೂತು ಯೋಚಿಸಿದ. ಹತ್ತಿಯನ್ನು ಕ್ಯಾನ್ವಾಸಿನ ಉದ್ದ ಪಟ್ಟಿಗೆ ಹೊಲಿದ, ಟಾರು ಬಳಿದ, ಉದ್ದಕ್ಕೂ ತಾಮ್ರದ ಮೊಳೆ ಚುಚ್ಚಿಟ್ಟುಕೊಂಡ, ಪಟ್ಟಿ ಸಮೇತ ಇಳಿದು ಬಡಿದ. ಬಿಳಿ ಮೈ ಶಾರ್ಕಿನ ಕಣ್ಣಿಗೆ ಬೀಳದಿರಲೆಂದು ಕಪ್ಪು ಬಟ್ಟೆ ತೊಟ್ಟಿದ್ದ. ಆದರೂ ಒಂದು ಬಂತು. ಮೇಲೆ ಬಂದು ಬಂದೂಕಿನಿಂದ ಅದನ್ನು ಹೊಡೆದು, ಮತ್ತೆ ಇಳಿದ. ಪಟ್ಟಿಯ ಮೇಲೆ ಹೊದಿಸಲು ತಾಮ್ರದ ತಗಡು ಬೇಕಿತ್ತು. ಅದು ಎಲ್ಲಿಂದ ಬಂತು ಗೊತ್ತೇ? ರೇಡಿಯೊ ಕೂರಿಸಲು ಬಂದಿದ್ದವರು ಮಿಕ್ಕ ತುಂಡನ್ನು ದೋಣಿಯಲ್ಲೇ ಬಿಟ್ಟುಹೋಗಿದ್ದರು. ಒಬ್ಬನಿಗೆ ಬೇಕಾದ ಸಾಮಾನು ದಡದಲ್ಲಿ ಉಳಿಯಿತು, ಇನ್ನೊಬ್ಬನಿಗೆ ಬೇಡದ ತುಂಡು ದೋಣಿಯಲ್ಲಿ ಉಳಿಯಿತು. ಯಾವ ನಿರ್ವಹಣಾ ಗುರುಗಳ ಪುಸ್ತಕದಲ್ಲೂ ಇದಕ್ಕೊಂದು ಅಧ್ಯಾಯವಿಲ್ಲ.

312 ದಿನಗಳ ಮೇಲೆ, 1969ರ ಏಪ್ರಿಲ್ 22ರಂದು, ಸುಹೈಲಿ ಫಾಲ್ಮತ್ ಬಂದರಿಗೆ ಮರಳಿತು. ಕ್ರೋಹರ್ಸ್ಟನ ಕಥೆ ಬಯಲಾದ ಮೇಲೆ, ತನಗೇ ಬಂದ ಆ 5,000 ಪೌಂಡ್ ಬಹುಮಾನವನ್ನು ನಾಕ್ಸ್-ಜಾನ್ಸ್ಟನ್ ಕ್ರೋಹರ್ಸ್ಟನ ಮನೆಯವರಿಗೆ ಕೊಟ್ಟುಬಿಟ್ಟ. ಇಡೀ ಪ್ರಕರಣದಲ್ಲಿ ಕರಾರು ಬರೆಸಿಕೊಳ್ಳದೆ ಹಣ ಕೊಟ್ಟವನು ಇವನೊಬ್ಬನೇ ಇರಬೇಕು.

ತಾರೀಖು ಹಿಡಿದು ಹೊರಡುವ ಚಟ ಹೊಸಬರಿಗಷ್ಟೇ ಎಂದು ತಿಳಿಯಬೇಡಿ. ಈ ಪಂದ್ಯದ ತೀರ್ಪುಗಾರರ ಮಂಡಳಿಗೆ ಅಧ್ಯಕ್ಷನಾಗಿದ್ದ ಫ್ರಾನ್ಸಿಸ್ ಚಿಚೆಸ್ಟರ್ ಅದಕ್ಕೂ ಮುಂಚೆ ನಡುವೆ ಒಂದೇ ಕಡೆ ನಿಂತು ಭೂಮಿ ಸುತ್ತಿದ್ದ. 1966ರ ಡಿಸೆಂಬರಿನಲ್ಲಿ ಸಿಡ್ನಿ ತಲುಪುವ ಹೊತ್ತಿಗೆ ಅವನಿಗೂ ದೋಣಿಗೂ ಮಾತು ನಿಂತಿತ್ತು. ಜಿಪ್ಸಿ ಮಾತ್ ನಾಲ್ಕನ್ನು ಅವನು ಬೈದಷ್ಟು ಯಾರೂ ತಮ್ಮ ಸ್ವಂತ ದೋಣಿಯನ್ನು ಬೈದಿರಲಿಕ್ಕಿಲ್ಲ. ಅಲ್ಲಿ ತಜ್ಞರು ದೋಣಿಯ ತಳದ ಆಕಾರವನ್ನೇ ತಿದ್ದಿದರು. ಜನವರಿ 29ಕ್ಕೆ, ಚಂಡಮಾರುತದ ಸುದ್ದಿ ಕಿವಿಗೆ ಬಿದ್ದಿದ್ದರೂ, ಆ 65ರ ಮುದುಕ ಹೊರಟೇ ಹೊರಟ. ಮರುರಾತ್ರಿಯೇ ಟಾಸ್ಮನ್ ಸಮುದ್ರದಲ್ಲಿ ದೋಣಿ ಮಗುಚಿ ಬಿತ್ತು, ಎದ್ದಿತು. ಒಳಗೆ ವಾರಗಟ್ಟಲೆ ಜೋಡಿಸಿಟ್ಟ ಸಾಮಾನೆಲ್ಲ ಕಲಸಿಹೋಗಿತ್ತು. ಮುದುಕ ಒರೆಸಿಕೊಂಡು ಮುಂದೆ ಹೋದ. ಇಂಗ್ಲೆಂಡ್ ತಲುಪಿದ ಮೇಲೆ ರಾಣಿ ಅವನ ಹೆಗಲಿಗೆ ಕತ್ತಿ ಮುಟ್ಟಿಸಿ ಸರ್ ಎಂದಳು. ಗೆದ್ದವನ ಅವಸರಕ್ಕೆ ಧೈರ್ಯ ಎಂಬ ಹೆಸರಿದೆ.

ನಮ್ಮ ಮಲ್ಪೆ, ಮಂಗಳೂರಿನ ದಕ್ಕೆಗಳಲ್ಲೂ ಪ್ರತಿ ವರ್ಷ ಇಂಥದೊಂದು ಗಡುವು ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬೋಟು ಮೇಲೆತ್ತುವುದು, ಹಲಗೆ ಬದಲಿಸುವುದು, ಎಂಜಿನ್ ಬಿಚ್ಚಿ ಕಟ್ಟುವುದು, ಬಣ್ಣ ಬಳಿಯುವುದು, ಬಲೆ ಕಟ್ಟುವುದು, ಎಲ್ಲವೂ ಮಳೆ ಸುರಿಯುತ್ತಿರುವ ಆ ಎರಡು ತಿಂಗಳಲ್ಲೇ. ಸಾಲ ಇದೆ, ಕಂತು ಇದೆ, ಆಳುಗಳು ಮುಂಗಡ ತಗೊಂಡಿದ್ದಾರೆ. ಕ್ರೋಹರ್ಸ್ಟನ ಮೇಲಿದ್ದ ಒತ್ತಡ ಇಲ್ಲಿನವರಿಗೆ ಕಡಿಮೆಯೇನಲ್ಲ. ಆದರೆ ಆಗಸ್ಟ್ 1ಕ್ಕೆ ಸರ್ಕಾರ ಹೋಗಿ ಎಂದರೂ ಕಡಲು ಬೇಡ ಎಂದರೆ ಬೋಟುಗಳು ದಕ್ಕೆಯಲ್ಲೇ ಒಂದಕ್ಕೊಂದು ಉಜ್ಜುತ್ತಾ ನಿಲ್ಲುತ್ತವೆ. ನಿಷೇಧ ಮುಗಿಯುವ ದಿನವೆಂದರೆ ಹೋಗಬಹುದಾದ ದಿನ, ಹೋಗಬೇಕಾದ ದಿನವಲ್ಲ ಎಂಬುದು ದಕ್ಕೆಯ ಮೇಲೆ ಬೀಡಿ ಸೇದುತ್ತಾ ಮೋಡ ನೋಡುವ ಯಾವ ತಂಡೇಲನಿಗೂ ಗೊತ್ತು. ಅವನಿಗೆ ಪ್ರಚಾರ ವ್ಯವಸ್ಥಾಪಕ ಇಲ್ಲದಿರುವುದು ದೊಡ್ಡ ಅನುಕೂಲ.

ಪಕ್ಕದ ಗೋವಾದಲ್ಲಿ ಕಟ್ಟಿದ ಹಾಯಿದೋಣಿಗಳೂ ಭೂಮಿ ಸುತ್ತಿ ಬಂದಿವೆ. ನೌಕಾಪಡೆಯ ದಿಲೀಪ್ ದೋಂದೆ 2009-10ರಲ್ಲಿ ನಾಲ್ಕು ಬಂದರುಗಳಲ್ಲಿ ನಿಂತು ದುರಸ್ತಿ ಮಾಡಿಕೊಳ್ಳುತ್ತಾ ಒಬ್ಬರೇ ಸುತ್ತಿಬಂದರು, ಅಭಿಲಾಷ್ ಟೋಮಿ 2012-13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದರು. ಇಬ್ಬರದೂ ಒಂದೇ ದೋಣಿ, ಅದರ ಹೆಸರು ಮಹದಾಯಿ. ಹುಬ್ಬಳ್ಳಿ-ಧಾರವಾಡದವರು ದಯವಿಟ್ಟು ಎರಡು ಸಲ ಓದಬೇಕು. ನಮ್ಮಲ್ಲಿ ಹುಟ್ಟಿ ಗೋವಾಕ್ಕೆ ಹರಿಯುವ ಮಹದಾಯಿ ಇತ್ತ ಒಂದಷ್ಟು ದೂರ ತಿರುಗಬೇಕೆಂದರೆ ನ್ಯಾಯಮಂಡಳಿ, ಸುಪ್ರೀಂ ಕೋರ್ಟ್, ಬಂದ್, ಪಾದಯಾತ್ರೆ ಎಲ್ಲ ಆಗಬೇಕು. ಯಾರ ಅಡ್ಡಿಯೂ ಇಲ್ಲದೆ ಬೇಕಾದ ಕಡೆ ತಿರುಗಿದ ಮಹದಾಯಿ ಇದೊಂದೇ. ಅದು ಎರಡು ಸಲ ಜಗತ್ತನ್ನೇ ಸುತ್ತಿತು.

ಅದೇ ಹಳೆಯ ಪಂದ್ಯವನ್ನು ಈಗ ಮತ್ತೆ ನಡೆಸುತ್ತಿದ್ದಾರೆ, 1968ರ ಕಾಲದ ಸಲಕರಣೆಗಳಲ್ಲೇ ಹೋಗಬೇಕೆಂಬ ಕಟ್ಟಳೆಯೊಂದಿಗೆ. 2022ರಲ್ಲಿ ಹೊರಟ ಪಂದ್ಯ ಗೆದ್ದವರು ದಕ್ಷಿಣ ಆಫ್ರಿಕಾದ ಕರ್ಸ್ಟೆನ್ ನಾಯ್‌ಷೇಫರ್. ಇವರು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ, ಹಿಮ ಬೀಳುವ ಊರಿನಲ್ಲಿ, ಸುಮಾರು ಒಂದು ವರ್ಷ ತಮ್ಮ ದೋಣಿಯನ್ನು ಬಿಚ್ಚಿ ಕಟ್ಟಿದರು. ಆ ವರ್ಷದ ಬಗ್ಗೆ ಹೇಳಲು ರೋಚಕವಾದದ್ದು ಏನೂ ಇಲ್ಲ. ಬಾಟಲಿ ಒಡೆಯದ ಕಥೆಯಿಲ್ಲ, ಅಳುವಿನ ಕಥೆಯಿಲ್ಲ, ಪತ್ರಿಕೆಗಳಿಗೆ ತೀರಾ ನಿರುಪಯೋಗಿ ಹೆಣ್ಣುಮಗಳು. 2023ರ ಏಪ್ರಿಲ್ 27ರಂದು ಎಲ್ಲರಿಗಿಂತ ಮೊದಲು ಬಂದು ಮುಟ್ಟಿದರು, ನಡುವೆ ಮುಳುಗಿದ ದೋಣಿಯೊಂದರ ನಾವಿಕನನ್ನು ಎತ್ತಿಕೊಂಡು ಕಾಪಾಡಿದ್ದೂ ಸೇರಿ.

ಎರಡು ದಿನದ ಮೇಲೆ ಎರಡನೆಯವರಾಗಿ ಬಂದವರು ನಮ್ಮ ಅಭಿಲಾಷ್ ಟೋಮಿ. 2018ರ ಪಂದ್ಯದಲ್ಲಿ ಹಾಯಿಕಂಬ ಮುರಿದು, ಬೆನ್ನುಮೂಳೆ ಮುರಿದು, ಹಿಂದೂ ಮಹಾಸಾಗರದಲ್ಲಿ ಬಿದ್ದಿದ್ದವರನ್ನು ಹುಡುಕಿ ತಂದಿದ್ದರು. ಹಾಗಾಗಿ ಈ ಸಲ ದೋಣಿಗಿಂತ ಮುಂಚೆ ಅವರದೇ ದುರಸ್ತಿ ಆಗಬೇಕಿತ್ತು, ಬೆನ್ನಿಗೆ ಟೈಟಾನಿಯಂ ಹಾಕಿಸಿಕೊಂಡೇ ಹೊರಟರು. ಪಂದ್ಯಕ್ಕೆ ಕೆಲವೇ ದಿನ ಇರುವಾಗ ಅವರ ಬಯಾನತ್ ದೋಣಿ ಹಡಗಿಗೆ ತಾಗಿ ಮುಂಭಾಗ ಜಖಂ ಆಯಿತು. ಅದನ್ನು ರಿಪೇರಿ ಮಾಡಿಸಿ ಸೆಪ್ಟೆಂಬರ್ 4ಕ್ಕೆ ಹೊರಟರು. ಗಡುವಿನ ಕೆಲಸ ಎಂದರೆ ಎಲ್ಲವೂ ಕೆಟ್ಟೇ ಹೋಗಬೇಕೆಂದೇನೂ ಇಲ್ಲ, ನನ್ನ ವಾದಕ್ಕೆ ಇದು ಅಷ್ಟು ಅನುಕೂಲವಲ್ಲ, ಇರಲಿ. ನಡುನೀರಿನಲ್ಲಿ ಅವರ ಗಾಳಿ-ಚುಕ್ಕಾಣಿಯೂ ಕೈಕೊಟ್ಟಿತು. ಹಲಗೆ ಬೇಕಾಯಿತು, ಸುತ್ತ ನೋಡಿದರು, ದೋಣಿಯ ಶೌಚಾಲಯದ ಬಾಗಿಲು ಕಣ್ಣಿಗೆ ಬಿತ್ತು. ಕಿತ್ತರು, ಕೊಯ್ದರು, ಚುಕ್ಕಾಣಿಗೆ ಕೂರಿಸಿದರು. ಒಬ್ಬರೇ ಇರುವ ದೋಣಿಯಲ್ಲಿ ಆ ಬಾಗಿಲನ್ನು ಯಾವ ಪುಣ್ಯಾತ್ಮ, ಯಾರಿಗೆ ನಾಚಿಕೊಂಡು, ಯಾವ ಪಟ್ಟಿಯ ಎಷ್ಟನೆಯ ಸಾಲಿನಲ್ಲಿ ಬರೆದು ಹಾಕಿಸಿದ್ದನೋ, ಅವನಿಗೆ ಒಂದು ಸನ್ಮಾನ ಬಾಕಿಯಿದೆ. ದಿನಾಂಕ ಮಾತ್ರ ಯಾರೂ ಗೊತ್ತು ಮಾಡಬೇಡಿ.